ಸಪ್ಪಳವಿಲ್ಲದ ಬ್ಯಾನಿ

ಹಿಟ್ಟಿನ ಗಿರಣಿಗೆ ಗೋಡೆ ಹಚ್ಚಿ ಕಟ್ಟಿದ ಖೋಲಿಗಳಿಗೆ ನಮ್ಮೂರಿನಲ್ಲಿ ಭಾರಿ ಬೇಡಿಕೆ. ಹೊರಗಿನಿಂದ ಬಂದವರು ಇದನ್ನು ಕೇಳಿ ನಗುತ್ತಾರೆ. ಬೆಳಗಾದರೆ ಕಿವಿಗಡಚಿಕ್ಕುವ ಸದ್ದು, ನೆಲದ ನಡುಕ, ಒಣಹಾಕಿದ ಬಟ್ಟೆಯ ಮೇಲೆಲ್ಲ ಹಿಟ್ಟು, ಇಂಥಲ್ಲಿ ಯಾವ ಮನುಷ್ಯ ಇರುತ್ತಾನೆ ಎಂದು ಮೂಗು ಮುರಿಯುತ್ತಾರೆ. ಮುರಿಯಲಿ. ಮನೆಯಲ್ಲಿ ಯಾರಿಗಾದರೂ ಒಂದು ಜ್ವರ ಬರುತ್ತದೆ ನೋಡಿ, ಆಗ ಅದೇ ಮೂಗು ಹೊತ್ತುಕೊಂಡು ನನ್ನ ಬಾಗಿಲಿಗೆ ಬಂದು "ಖೋಲಿ ಖಾಲಿ ಐತೇನ್ರಿ ಕಾಶವ್ವಾರ" ಎಂದು ಕೇಳುತ್ತಾರೆ. ಇದ್ದರೆ ಇಲ್ಲ ಎನ್ನುವುದಿಲ್ಲ. ಕೊಡುತ್ತೇನೆ, ಎರಡು ಮಾತು ಆಡಿಯೇ ಕೊಡುತ್ತೇನೆ.

ನಮ್ಮೂರಿನಲ್ಲಿ ಕಾಯಿಲೆ ಬಿದ್ದವರ ಮೈ ಸಪ್ಪಳ ಮಾಡುತ್ತದೆ. ಜ್ವರದ್ದು ಒಂದು ಸಪ್ಪಳ, ದಮ್ಮಿನದು ಒಂದು, ಕರುಳಿನದು ಇನ್ನೊಂದು. ಹೆಣ್ಣು ನೋಡಲು ಬಂದವರು ಮೊದಲು ಫ್ಯಾನು ಬಂದ್ ಮಾಡಿಸಿ, ಹುಡುಗಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಆಮೇಲೆ ಚಹಾದ ಕಪ್ಪು ಮುಟ್ಟುತ್ತಾರೆ. ಅಡುಗೆಯ ಹೊತ್ತಲ್ಲದ ಹೊತ್ತಿನಲ್ಲಿ, ಸಪ್ಪಳ ಮುಚ್ಚಲೆಂದು, ಮಿಕ್ಸರ್ ತಿರುಗುವ ಮನೆಯ ಮುಂದೆ ಜನ ಬೇಕೆಂದೇ ನಿಧಾನಕ್ಕೆ ನಡೆಯುತ್ತಾರೆ. ಬಸ್ಸಿನಲ್ಲಿ ಸಪ್ಪಳ ಬರುವವನ ಪಕ್ಕದ ಸೀಟು ಕೊನೆಯ ತನಕ ಖಾಲಿ ಹೋಗುತ್ತದೆ. ಮನುಷ್ಯ ಸತ್ತ ಕೂಡಲೇ ಸಪ್ಪಳ ನಿಂತುಬಿಡುತ್ತದೆ. ಹಾಗಾಗಿ ನಮ್ಮಲ್ಲಿ ಯಾರಾದರೂ ಹೋದರೋ ಇದ್ದಾರೋ ಎಂದು ನಾಡಿ ಹಿಡಿದು ನೋಡುವುದಿಲ್ಲ, ಎದೆಗೆ ಕಿವಿ ಕೊಟ್ಟು ಕೇಳುತ್ತಾರೆ. ನನ್ನ ಮೊಣಕಾಲು ಎರಡೂ ಈಗ ಕಿರುಗುಡುತ್ತವೆ. ಗಿರಣಿ ನಡೆಯುವಾಗ ಯಾರಿಗೂ ಕೇಳುವುದಿಲ್ಲ, ಆದರೂ ನಾನೇ ಎಲ್ಲರಿಗೂ ಹೇಳಿಬಿಡುತ್ತೇನೆ. ಅದಕ್ಕೇ ಊರಿನವರು ನನ್ನನ್ನು ಬಾಯಿಬಡುಕಿ ಎನ್ನುವುದು.

ನನ್ನ ತಮ್ಮ ಭರಮಪ್ಪನದು ಗಿರಣಿಯ ಎದುರಿಗೇ ಕಟಿಂಗ್ ಅಂಗಡಿ. ನನ್ನ ಗಂಡ ಬೇಗ ತೀರಿಕೊಂಡ, ಗಿರಣಿ ನನ್ನ ತಲೆಗೆ ಬಿತ್ತು. ತಮ್ಮನೂ ಅವನ ಹೆಂಡತಿ ಸಾವಂತ್ರಿಯೂ ಗಿರಣಿಯ ಹಿಂದಿನ ಎರಡು ಖೋಲಿಯಲ್ಲಿ ನನ್ನ ಜೊತೆಗೇ ಇದ್ದರು. ಭರಮು ಮಾತು ಕಮ್ಮಿ. ಕ್ಷೌರದವರು ಲೋಕದ ಸುದ್ದಿಯೆಲ್ಲ ಹೇಳುತ್ತಾರೆ ಎನ್ನುತ್ತಾರಲ್ಲ, ಇವನು ಬಾಯಿ ಬಿಟ್ಟರೆ "ಗದ್ದ ಮ್ಯಾಲೆತ್ರಿ" ಅಷ್ಟೆ. ಹಾಗಿದ್ದರೂ ಅವನ ಅಂಗಡಿಯ ಬೆಂಚು ಖಾಲಿ ಇರುತ್ತಿರಲಿಲ್ಲ. ಅವನ ಕೈ ಅಷ್ಟು ಹಗುರ. ದಾಡಿ ಮಾಡಿಸಿಕೊಳ್ಳುತ್ತ ಜನ ನಿದ್ದೆ ಹೋಗುತ್ತಿದ್ದರು. ಆದರೆ ಅದು ಎಂಥ ಕೆಲಸ ನೋಡಿ. ಇಡೀ ದಿನ ನಿಮ್ಮ ಎದೆ ಇನ್ನೊಬ್ಬನ ಕಿವಿಯ ಹತ್ತಿರವೇ ಇರಬೇಕು.

ಮೊದಲು ಕೇಳಿಸಿದ್ದು ಸಾವಂತ್ರಿಗೆ. ಜಳಕದ ಹೊತ್ತಿನಲ್ಲಿ ಗಂಡನ ಬೆನ್ನು ತಿಕ್ಕುತ್ತಿದ್ದವಳು ಚೊಂಬು ಕೆಳಗಿಟ್ಟು ನನ್ನ ಹತ್ತಿರ ಓಡಿ ಬಂದಳು. "ಅಕ್ಕಾರ, ಗಿರಣಿ ಸ್ವಲ್ಪ ನಿಲ್ಲಸ್ರಿ" ಎಂದಳು. ನಿಲ್ಲಿಸಿದೆ. ಹೋಗಿ ಅವನ ಒದ್ದೆ ಬೆನ್ನಿಗೆ ಕಿವಿ ಕೊಟ್ಟೆ. ಎಡಗಡೆ, ಪಕ್ಕೆಲುಬಿನ ಕೆಳಗೆ, ಇಲಿ ಗೋಣಿಚೀಲ ಕಡಿಯುವ ಸಪ್ಪಳ. ಕಡಿಯುವುದು, ನಿಲ್ಲುವುದು, ಮತ್ತೆ ಕಡಿಯುವುದು. ಗಿರಣಿಯವಳು ನಾನು, ಆ ಸಪ್ಪಳ ನನಗೆ ಗೊತ್ತಿಲ್ಲದ್ದೇನಲ್ಲ. ಇಲಿ ಚೀಲಕ್ಕೆ ಬಿದ್ದ ಮೇಲೆ ಕಾಳು ಉಳಿಯುವುದಿಲ್ಲ. "ಏನೈತಿ ಅಕ್ಕಾ" ಎಂದ. "ಏನಿಲ್ಲ, ಅಂಗಿ ಹಾಕ್ಕೊ, ದವಾಖಾನಿಗೆ ಹೋಗೂಣ" ಎಂದೆ.

ಊರಿನಲ್ಲಿ ಇರುವುದು ಎರಡು ದವಾಖಾನೆ. ಸರಕಾರದ್ದು ದೊಡ್ಡ ದವಾಖಾನೆ, ಕೆರೆ ಏರಿಯ ಕೆಳಗೆ. ನಾಲ್ಕು ಓಣಿ ಆಚೆಗೇ ಅದರ ಗದ್ದಲ ಕೇಳುತ್ತದೆ. ಎಲ್ಲ ಕಾಯಿಲೆಯ ಸಪ್ಪಳವೂ ಒಟ್ಟಿಗೆ, ಅದರ ಮೇಲೆ ಆಯಾಗಳ ಕೂಗು, ಕೂಸುಗಳ ಅಳು. ಇನ್ನೊಂದು ಹೊಸದು, ಪೇಟೆಯಲ್ಲಿ, ಖಾಸಗಿಯವರದು. ಅದಕ್ಕೆ ದೊಡ್ಡ ಅಕ್ಷರದಲ್ಲಿ ಏನೋ ಹೆಸರು ಬರೆದಿದ್ದಾರೆ, ಊರಿನವರ ಬಾಯಲ್ಲಿ ಅದು ಗಪ್ ದವಾಖಾನಿ. ಒಳಗೆ ಹೋದರೆ ನಿಮ್ಮ ಚಪ್ಪಲಿಯ ಸಪ್ಪಳವೂ ನಿಮಗೆ ಕೇಳುವುದಿಲ್ಲ. ಸಪ್ಪಳ ಹೊತ್ತು ಹೋದವರು ಹೊರಗೆ ಬರುವಾಗ ಗಪ್ಪಾಗಿ ಬರುತ್ತಾರೆ, ಅದೇ ದಿನ. ಅಲ್ಲಿ ಯಾರಾದರೂ ಸತ್ತರೂ ಮನೆಯವರಿಗೆ ತ್ರಾಸು ಬೇಡವೆಂದು ಅವರೇ ಗಾಜು ಮುಚ್ಚಿದ ತಮ್ಮ ಗಾಡಿಯಲ್ಲಿ ನೇರ ಸ್ಮಶಾನಕ್ಕೆ ಒಯ್ಯುತ್ತಾರೆ. ಎಂಥ ಕಾಳಜಿ ನೋಡಿ ಎಂದು ಜನ ಹೊಗಳುತ್ತಿದ್ದರು.

ನಾನು ಭರಮುವನ್ನು ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆ. ಸಣ್ಣವಳಿದ್ದಾಗ ಮಲೇರಿಯಾ ಬಂದು ಅಲ್ಲೇ ಗುಣವಾದವಳು ನಾನು. ಒಂದು ತಿಂಗಳು ನನ್ನ ಸಪ್ಪಳಕ್ಕೆ ಓಣಿಯ ನಾಯಿಗಳು ಬೊಗಳುತ್ತಿದ್ದವಂತೆ, ಆದರೆ ಎದ್ದು ಬಂದೆ. ಬಾಗಿಲಲ್ಲಿ ಆಯಾ ನಿಂತು ಎಲ್ಲರನ್ನೂ ಸಪ್ಪಳದ ಮೇಲೆ ವಿಂಗಡಿಸುತ್ತಿದ್ದಳು. "ಕಿರ್ ಕಿರ್ ಅನ್ನೋರು ಎಡಕ್ಕ, ಗುಡುಗುಡು ಅನ್ನೋರು ಬಲಕ್ಕ. ಏ, ಯಾರದದು ಇಲಿ? ಇಲಿ ಇರಾಂವ ಈ ಕಡೆ ಬಾ." ಇಡೀ ಸಾಲು ತಿರುಗಿ ನನ್ನ ತಮ್ಮನನ್ನು ನೋಡಿತು. ಅವನ ಕಿವಿ ಕೆಂಪಾಯಿತು. ಕೂರಲು ಒಂದು ಬೆಂಚಿತ್ತು, ಅದರ ಒಂದು ಕಾಲು ಮುರಿದಿತ್ತು. ಗೋಡೆಗೆ ಯಾರೋ ಎಲೆ ಅಡಿಕೆ ಉಗುಳಿದ್ದರು.

ಡಾಕ್ಟರು ಜುಬೇದಾ ಮೇಡಂ. ವಯಸ್ಸಾದ ಹೆಂಗಸು, ಕಣ್ಣಿನ ಕೆಳಗೆ ಕಪ್ಪು. ಬಂದವರ ಮುಖ ನೋಡುವ ಅಭ್ಯಾಸವೇ ಅವರಿಗೆ ಇಲ್ಲ. ಅಂಗಿ ಎತ್ತಿಸಿ ಬೆನ್ನಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿಕೊಂಡುಬಿಡುತ್ತಾರೆ. ಭರಮುವಿನ ಬೆನ್ನಿನ ಮೇಲೆ ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಮಾತ್ರೆ ಬರೆದರು. "ಈ ಗುಳಿಗಿ ತಗೊಂಡ್ರ ಸಪ್ಪಳ ಏರತೈತಿ. ಏರಿ ಒಡೀತೈತಿ. ಒಡದ ಮ್ಯಾಲ ಇಳೀತೈತಿ. ವಾರಾ ವಾರಾ ಬಾ, ನಾ ಕೇಳಬೇಕು." ನಾನು "ಎಷ್ಟು ದಿನ ಏರತೈತ್ರಿ" ಎಂದೆ. "ಏರೂ ತನಕ" ಎಂದರು. "ಗುಣಾ ಆಗತೈತೇನ್ರಿ?" "ಬಂದ್ರ ಆಗತೈತಿ. ಮುಂದ ಯಾರು?" ಅಷ್ಟೇ. ಇನ್ನೆರಡು ಒಳ್ಳೆಯ ಮಾತು ಆಡಿದ್ದರೆ ಆ ಬಾಯಿಗೆ ಏನಾಗುತ್ತಿತ್ತು? ಹಿಂದೆ ಇದ್ದ ಸಾಲು ನನಗೂ ಕಾಣುತ್ತಿತ್ತು, ಆದರೂ ನನಗೆ ಆವತ್ತಿನ ಸಿಟ್ಟು ಈಗಲೂ ಇಳಿದಿಲ್ಲ.

ಮಾತ್ರೆ ಶುರುವಾದ ಮೇಲೆ ಸಪ್ಪಳ ಏರಿತು. ಮೊದಲು ಬೆನ್ನಿಗೆ ಕಿವಿ ಕೊಟ್ಟರೆ ಕೇಳುತ್ತಿದ್ದದ್ದು ಪಕ್ಕದಲ್ಲಿ ಕೂತರೂ ಕೇಳುವಂತಾಯಿತು, ಆಮೇಲೆ ಬಾಗಿಲಿನ ತನಕ ಬಂತು. ನಾನು ಗಿರಣಿ ನಿಲ್ಲಿಸುವುದನ್ನೇ ಬಿಟ್ಟೆ. ಜೋಳ ಇಲ್ಲದಿದ್ದರೂ ಕಲ್ಲು ತಿರುಗಿಸುತ್ತಿದ್ದೆ. ಬರಿಗಲ್ಲು ತಿರುಗಿದರೆ ಕಲ್ಲಿಗೆ ಕಲ್ಲು ತಿಕ್ಕಿ ಹಾಳಾಗುತ್ತದೆ, ಹಿಟ್ಟಿನಲ್ಲಿ ಮರಳು ಸಿಗುತ್ತದೆ. ಗಿರಾಕಿಗಳು ರೊಟ್ಟಿಯಲ್ಲಿ ಕಲ್ಲು ಎಂದು ಬೈದರು. ಬೈಯಲಿ ಎಂದು ಬಿಟ್ಟೆ. ಆದರೆ ಗಿರಣಿಯನ್ನು ಹೊತ್ತು ರಸ್ತೆ ದಾಟಿಸಿ ಅವನ ಅಂಗಡಿಯಲ್ಲಿ ಇಡಲು ಆಗುತ್ತದೆಯೇ?

ಒಂದು ಬೆಳಿಗ್ಗೆ ಇಟಗಿ ಮಾಸ್ತರರು ದಾಡಿಗೆ ಬಂದರು. ರಿಟೈರಾದ ಹೆಡ್‌ಮಾಸ್ತರರು, ಊರಿನಲ್ಲಿ ಅವರು ಒಂದು ಮಾತು ಅಂದರೆ ಉಳಿದವರು ಹೌದು ಎನ್ನುತ್ತಾರೆ. ನಾನು ಗಿರಣಿಯ ಬಾಗಿಲಲ್ಲಿ ಚೀಲ ಹೊಲಿಯುತ್ತ ಕೂತಿದ್ದೆ, ಎಲ್ಲ ಕಾಣುತ್ತಿತ್ತು. ಭರಮು ಸಾಬೂನು ಹಚ್ಚಿದ. ಬಲಗೆನ್ನೆ ಮುಗಿಸಿದ. ಎಡಗೆನ್ನೆಗೆಂದು ಬಗ್ಗಿದಾಗ ಮಾಸ್ತರರು ಕಣ್ಣು ತೆರೆದರು. ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಕೊರಳಿನ ಬಟ್ಟೆ ತಾವೇ ಬಿಚ್ಚಿ, ಮಡಚಿ, ಕುರ್ಚಿಯ ಕೈಗೆ ಹಾಕಿ ಎದ್ದರು. ಅರ್ಧ ಮುಖದಲ್ಲಿ ಸಾಬೂನು ಹಾಗೇ ಇತ್ತು. "ಪೂರಾ ಗುಣಾ ಆದ ಮ್ಯಾಲ ಬರ್ತೇನಿ ಭರಮಪ್ಪ" ಎಂದು ಸಾಬೂನಿನ ಮುಖದಲ್ಲೇ ರಸ್ತೆಗಿಳಿದು ನಡೆದುಹೋದರು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಪೇಟೆಯ ತುಂಬ ಜನ ಆ ಅರ್ಧ ದಾಡಿ ನೋಡಿದರು. ಆ ದಿನದಿಂದ ಬೆಂಚಿನ ಮೇಲೆ ಯಾರೂ ಕೂರಲಿಲ್ಲ. ಭರಮು ಮಾತ್ರ ದಿನಾ ಬಾಗಿಲು ತೆಗೆದು, ಕನ್ನಡಿ ಒರೆಸಿ, ಕತ್ತರಿಗಳನ್ನು ಸಾಲಾಗಿ ಇಟ್ಟು, ಕುರ್ಚಿಯ ಹಿಂದೆ ನಿಲ್ಲುತ್ತಿದ್ದ.

ಮುಂದಿನ ವಾರ ದೊಡ್ಡ ದವಾಖಾನೆಗೆ ಹೋದರೆ ಜುಬೇದಾ ಮೇಡಂ ಇರಲಿಲ್ಲ, ಯಾವುದೋ ಮೀಟಿಂಗಿಗೆ ಹೋಗಿದ್ದರು. ಔಷಧಿ ಕೊಡುವ ಕಿಟಕಿಯಲ್ಲಿ "ಆ ಗುಳಿಗಿ ಸ್ಟಾಕಿಲ್ಲ, ಆಚಿ ವಾರ ಬರ್ರಿ" ಎಂದರು. ಮನೆಗೆ ಬರುವಷ್ಟರಲ್ಲಿ ಸಾವಂತ್ರಿ ತಯಾರಾಗಿ ನಿಂತಿದ್ದಳು, ಒಳ್ಳೆಯ ಸೀರೆ ಉಟ್ಟು. "ಅಕ್ಕಾರ, ನಾ ಇವರನ್ನ ಗಪ್ ದವಾಖಾನಿಗೆ ಕರಕೊಂಡು ಹೊಂಟೇನಿ" ಎಂದಳು. "ಇನ್ನೊಂದೆರಡು ವಾರ ತಡಿಯವಾ, ಏರಿ ಒಡೀತೈತಿ ಅಂದಾರಲ್ಲ." "ಯಾವಾಗ ಒಡೀತೈತಿ? ನಿಮಗ ಹೇಳ್ಯಾರೇನ? ನನಗ ಹೇಳ್ಯಾರೇನ? ಗುಳಿಗಿ ನುಂಗಿದಂಗ ರೋಗ ಜೋರಾಗೂದು ಯಾವ ಊರಿನ ಔಷಧ ರೀ ಅದು?" ನಾನೂ ಜೊತೆಗೆ ಹೋದೆ.

ಸುಳ್ಳು ಯಾಕೆ ಹೇಳಲಿ, ಅಲ್ಲಿ ನನಗೂ ಹಿಡಿಸಿತು. ಬಾಗಿಲಲ್ಲಿ ಒಬ್ಬ ಹುಡುಗಿ ಕೈಮುಗಿದು "ಬರ್ರಿ ಅಕ್ಕಾರ, ಕುಂದರ್ರಿ, ನೀರು ಕುಡಿತೀರೇನ್ರಿ" ಎಂದಳು. ನೆಲದ ಮೇಲೆ ಮೆತ್ತನೆಯ ಹಾಸು. ಡಾಕ್ಟರು ಚಿಕ್ಕ ವಯಸ್ಸಿನವರು, ಬಿಳಿ ಬಟ್ಟೆ, ಒಂದು ಕಲೆ ಇಲ್ಲ. ಭರಮುವಿನ ಕೈ ಹಿಡಿದುಕೊಂಡು ಕೂತರು. ಅಂಗಡಿ ಎಲ್ಲಿ, ಎಷ್ಟು ಹೊತ್ತು ನಿಲ್ಲುತ್ತೀರಿ, ಊಟ ಹೊತ್ತಿಗೆ ಸರಿಯಾಗಿ ಆಗುತ್ತದೋ ಇಲ್ಲವೋ, ಎಲ್ಲ ಕೇಳಿದರು. "ಇಷ್ಟು ನಾಜೂಕಿನ ಕೈ ಇರೋರಿಗೆ ಹಿಂಗ ಆಗಬಾರದಿತ್ರಿ" ಎಂದರು. ನನ್ನ ತಮ್ಮನಿಗೆ ಕಣ್ಣಲ್ಲಿ ನೀರು ಬಂತು. ಬೆನ್ನಿಗೆ ಒಂದು ಸೂಜಿ ಚುಚ್ಚಿದರು. ಆಮೇಲೆ ನಮ್ಮಿಬ್ಬರನ್ನೂ ಒಳಗೆ ಕರೆದು, ಬಾಗಿಲು ಹಾಕಿ, "ಈಗ ನೀವ ಕೇಳಿ ನೋಡ್ರಿ" ಎಂದರು. ಸಾವಂತ್ರಿ ಕಿವಿ ಕೊಟ್ಟಳು, ನಾನು ಕೊಟ್ಟೆ. ಇಲಿ ಇರಲಿಲ್ಲ. ಏನೂ ಇರಲಿಲ್ಲ. ಸಾವಂತ್ರಿ ಡಾಕ್ಟರ ಕಾಲಿಗೆ ಬೀಳಲು ಹೋದಳು, ಅವರು ಬೀಳಗೊಡದೆ ಹಿಡಿದು ನಿಲ್ಲಿಸಿದರು. ದಾರಿಯಲ್ಲಿ ಭರಮು ನನಗೆ ಹೇಳಿದ, "ಅಲ್ಲಿ ನನಗ ಮನುಷ್ಯಾನಂಗ ನೋಡಿದ್ರು ಅಕ್ಕಾ." ಅದಕ್ಕೆ ನಾನೇನು ಹೇಳಲಿ? ನೋಡಿದ್ದು ಖರೆ.

ನಾನು ಗಿರಣಿ ನಿಲ್ಲಿಸಿದೆ, ಕಲ್ಲು ಕೆತ್ತಿಸಿದೆ. ಮರುದಿನವೇ ಅಂಗಡಿಯ ಬೆಂಚು ತುಂಬಿತು. ಇಟಗಿ ಮಾಸ್ತರರು ಎಲ್ಲರಿಗಿಂತ ಮೊದಲು ಕುರ್ಚಿಗೆ ಬಂದು ಕೂತು, ಕಣ್ಣು ಮುಚ್ಚಿ, ಎರಡೂ ಕೆನ್ನೆ ಮಾಡಿಸಿಕೊಂಡು, "ನೋಡಿದ್ಯಾ ಭರಮಪ್ಪ, ದವಾಖಾನಿ ಅಂದ್ರ ಹಂಗಿರಬೇಕು" ಎಂದರು. ಬೆಂಚಿನ ಮೇಲಿನವರು ಹೌದು ಹೌದು ಎಂದರು. ಸಾವಂತ್ರಿ ಪಕ್ಕದ ಮನೆಗಳಿಗೆಲ್ಲ ಸಕ್ಕರೆ ಹಂಚಿ ಬಂದಳು. ಉಳಿದಿದ್ದ ಒಂದೆರಡು ಮಾತ್ರೆಗಳನ್ನು ಗಟಾರಕ್ಕೆ ಚೆಲ್ಲಿದಳು.

ಒಂದೆರಡು ತಿಂಗಳಾದ ಮೇಲೆ ಅವನು ಸೊರಗುತ್ತಿದ್ದದ್ದು ನನಗೆ ಕಂಡದ್ದು ಅಂಗಿಯಲ್ಲಿ. ಹೆಗಲಿನ ಹೊಲಿಗೆ ತೋಳಿಗೆ ಇಳಿದಿತ್ತು. ರೊಟ್ಟಿ ಮುರಿದು ಮುರಿದು ತಾಟಿನಲ್ಲೇ ಬಿಡುತ್ತಿದ್ದ. ಒಂದು ಮಧ್ಯಾಹ್ನ ಗಿರಣಿಯ ಕಟ್ಟೆಯ ಮೇಲೆ ನನ್ನ ಪಕ್ಕಕ್ಕೆ ಬಂದು ಕೂತು ಎಡಪಕ್ಕೆಯನ್ನು ಕೈಯಿಂದ ಒತ್ತಿ ಹಿಡಿದುಕೊಂಡ. "ಬ್ಯಾನಿ ಐತೇನೋ" ಎಂದೆ. "ಇದ್ದಂಗ ಅನಸ್ತೈತಿ" ಎಂದ. ನಾನು ಕಿವಿ ಕೊಟ್ಟೆ. ಸದ್ದಿಲ್ಲ. "ಸಪ್ಪಳಿಲ್ಲಲ್ಲೋ ತಮ್ಮಾ." "ಅದಕ್ಕ ಅಂದೆ, ಇದ್ದಂಗ ಅನಸ್ತೈತಿ ಅಂತ."

ಸಾವಂತ್ರಿಗೆ ಹೇಳಿದರೆ ಅವಳು ಬೇಸರ ಮಾಡಿಕೊಂಡಳು. "ಸಪ್ಪಳ ಎಲ್ಲೈತ್ರಿ ಅಕ್ಕಾರ? ಕೆಲಸಾ ಮಾಡಾಕ ಮನಸಿಲ್ಲ ಇವರಿಗೆ, ಅಷ್ಟ." ಅವಳದು ತಪ್ಪು ಎಂದು ಹೇಗೆ ಹೇಳಲಿ? ನಮ್ಮೂರಿನಲ್ಲಿ ಕಿವಿಗೆ ಕೇಳದ ನೋವನ್ನು, ಬ್ಯಾನಿಯನ್ನು ಯಾರೂ ಕಂಡಿರಲಿಲ್ಲ. ಸಾಲೆಗೆ ತಪ್ಪಿಸಲು ಹೊಟ್ಟೆನೋವು ಎನ್ನುವ ಹುಡುಗರ ಹೊಟ್ಟೆಗೆ ಕಿವಿ ಕೊಟ್ಟು, ಸಪ್ಪಳ ಇಲ್ಲದಿದ್ದರೆ ಕೋಲು ಹಿಡಿದು ಅಟ್ಟುತ್ತೇವೆ. ಹಾಗೆ ಬೆಳೆದವರು ನಾವು. ಆದರೂ ಅವಳು ಅವನನ್ನು ಮತ್ತೊಮ್ಮೆ ಗಪ್ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಬೆನ್ನಿಗೆ ಕಿವಿ ಕೊಟ್ಟು, ನರ್ಸ್ ಹುಡುಗಿಯರಿಂದಲೂ ಕೊಡಿಸಿ, ಬಹಳ ಸಮಾಧಾನದಿಂದ "ಒಳಗ ಏನೂ ಇಲ್ರಿ, ಹಳೇದರ ನೆನಪು ಕಾಡತೈತಿ, ಮನಸ್ಸು ಗಟ್ಟಿ ಮಾಡ್ಕೊಳ್ರಿ" ಎಂದರಂತೆ. ಹೆಗಲ ಮೇಲೆ ಕೈಯಿಟ್ಟು ಬಾಗಿಲ ತನಕ ಕಳಿಸಿಕೊಟ್ಟರಂತೆ. ಭರಮು ಆಮೇಲೆ ಪಕ್ಕೆ ಹಿಡಿದುಕೊಳ್ಳುವುದನ್ನು ಬಿಟ್ಟ. ಕೈ ಅತ್ತ ಹೋದರೆ ತಾನೇ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ, ಕಳ್ಳತನ ಮಾಡಿದವನ ಹಾಗೆ.

ನನಗೆ ತಡೆಯಲಾಗಲಿಲ್ಲ. ಇಟಗಿ ಮಾಸ್ತರರ ದಾಡಿ ಮಾಡುವಾಗ ಅವನ ಕತ್ತಿ ಜಾರಿ ಕೆನ್ನೆಗೆ ಗೀರು ಬಿದ್ದ ದಿನ, ನಾನು ಅವನನ್ನು ಅಂಗಡಿಯಿಂದಲೇ ಎಬ್ಬಿಸಿ ದೊಡ್ಡ ದವಾಖಾನೆಗೆ ಎಳೆದುಕೊಂಡು ಹೋದೆ. ಆಯಾ ನಮ್ಮನ್ನು ಒಳಗೇ ಬಿಡಲೊಲ್ಲಳು. "ಸಪ್ಪಳಿಲ್ಲದಾಂವ ಇಲ್ಲಿಗ್ಯಾಕ ಬಂದಾನ? ಎಡಕ್ಕ ಕಳಿಸ್ಲೋ ಬಲಕ್ಕೋ?" ಎಂದಳು. ಅವಳನ್ನು ಪಕ್ಕಕ್ಕೆ ನೂಕಿ ಒಳಗೆ ಹೋದೆ. ಜುಬೇದಾ ಮೇಡಂ ಎಂದಿನಂತೆ ಮುಖ ನೋಡದೆ ಬೆನ್ನಿಗೆ ಕಿವಿ ಇಟ್ಟರು. ಇಟ್ಟವರು ಥಟ್ಟನೆ ತಲೆ ಎತ್ತಿದರು. ಮೊದಲ ಸಲ ಅವನ ಮುಖ ನೋಡಿದರು. ನೋಡಿ ಅವರ ಮುಖ ಇಳಿದುಹೋಯಿತು.

"ಇಲಿ ಸಪ್ಪಳ ಇತ್ತಲ್ಲ ನಿಂದು" ಎಂದರು. ಅವನನ್ನಲ್ಲ, ಅವನ ಸಪ್ಪಳವನ್ನು ನೆನಪಿಟ್ಟಿದ್ದರು. ನಾನು ನಡೆದದ್ದೆಲ್ಲ ಹೇಳಿದೆ. ಅವರು ಸಿಟ್ಟಿನಿಂದ ಮೇಜಿನ ಮೇಲೆ ಕೈ ಬಡಿದರು. "ಅವರು ರೋಗ ತಗದಿಲ್ಲವಾ, ಬರೇ ಅದರ ಬಾಯಿ ಕಟ್ಟ್ಯಾರ. ಗಪ್ಪಾದ ಬೆನ್ನಾಗ ನಾ ಎಲ್ಲಂತ ಹುಡುಕಲಿ?" "ಮೊದಲ ಇಷ್ಟು ಬಿಡಿಸಿ ಹೇಳಿದ್ರ ನಾವ್ಯಾಕ ಹೋಗ್ತಿದ್ವಿರಿ ಅಲ್ಲಿಗೆ" ಎಂದು ನಾನೂ ದನಿ ಎತ್ತಿದೆ. ಅವರು ನನ್ನನ್ನು ನೋಡಿದರು, ಬಾಗಿಲಿನಲ್ಲಿ ತುಂಬಿಕೊಂಡಿದ್ದ ಜನರನ್ನು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. ಇಲ್ಲೇ ಮಲಗಿಸಬೇಕು. ಆ ಸೂಜಿಯ ಮದ್ದು ಮೈಯಿಂದ ಇಳಿಸಿ ಸಪ್ಪಳ ತಿರುಗಿ ತರಬೇಕು. ಬಹಳ ಜೋರು ಬರುತ್ತದೆ, ಇಡೀ ವಾರ್ಡು ಕೇಳುತ್ತದೆ. ಆದರೆ ಉಳಿಯುವ ದಾರಿ ಅದೊಂದೇ.

ಭರಮು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವನು ಕೇಳಿದ, "ಮೇಡಂ, ನನಗ ಖರೇನ ಬ್ಯಾನಿ ಐತೇನ್ರಿ?" ಅವರಿಗೆ ಅರ್ಥವಾಗಲಿಲ್ಲ. "ನಿನಗ ಗೊತ್ತಿರತೈತಲ್ಲಪ್ಪ." "ಇಲ್ರಿ. ಮನ್ಯಾಗ ಇಲ್ಲ ಅಂತಾರ. ಅಲ್ಲಿ ಡಾಕ್ಟರೂ ಇಲ್ಲ ಅಂತಾರ. ನನಗ ತಿಳಿವಲ್ದು." ಅಷ್ಟು ಉದ್ದ ಮಾತು ಅವನ ಬಾಯಿಂದ ನಾನು ಕೇಳಿದ್ದು ಕಮ್ಮಿ. ಮೇಡಂ ಎದ್ದು ಅವನ ಹತ್ತಿರ ಬಂದು ಎಡಪಕ್ಕೆಯನ್ನು ಬೆರಳಿನಿಂದ ಒತ್ತಿದರು. ಅವನು ಎರಡಾಗಿ ಮಡಚಿಕೊಂಡ. "ಐತಿ" ಎಂದರು ಅವರು. "ಐತಿ, ಭಾಳ ಐತಿ." ನನ್ನ ತಮ್ಮ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಮುಖದ ತುಂಬ ಬೆವರು, ನನ್ನ ಕಡೆ ನೋಡಿ ನಕ್ಕ. ಗೆದ್ದವನ ನಗೆ ಅದು. ನನಗೆ ಅದನ್ನು ನೋಡಲಾಗಲಿಲ್ಲ.

ಆ ದಿನ ಮಂಚ ಖಾಲಿ ಇರಲಿಲ್ಲ. ಒಂದೊಂದು ಮಂಚಕ್ಕೆ ಇಬ್ಬಿಬ್ಬರು ಮಲಗಿದ್ದರು. ನಾಳೆ ಬೆಳಿಗ್ಗೆ ಬನ್ನಿ, ಒಂದು ಖಾಲಿ ಆಗುತ್ತದೆ ಎಂದರು. ಮನೆಗೆ ಬಂದು ಸಾವಂತ್ರಿಗೆ ಹೇಳಿದೆ. ಅವಳು ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ. ಮಾಡಲಿಲ್ಲ, ಚಾದರ ಮಡಚಿ ಚೀಲಕ್ಕೆ ತುಂಬಿದಳು. "ಮತ್ತ ಆ ಸಪ್ಪಳ ಬರತೈತೇನ್ರಿ" ಎಂದು ಕೇಳಿದಳು. "ಬರಬೇಕವಾ, ಬಂದ್ರ ಉಳೀತಾನ" ಎಂದೆ. ಅವಳು ಚೀಲದ ಮೇಲೆ ಮುಖ ಇಟ್ಟು ಅತ್ತಳು.

ಬೆಳಿಗ್ಗೆ ನಾನು ಬುತ್ತಿ ಕಟ್ಟುವಷ್ಟರಲ್ಲಿ ಭರಮು ಅಂಗಡಿಯ ಬಾಗಿಲು ತೆಗೆದಿದ್ದ. ಇಟಗಿ ಮಾಸ್ತರರು ಪರವೂರಿಗೆ ಹೋಗುವವರಿದ್ದಾರೆ, ಅವರದೊಂದು ದಾಡಿ ಮಾಡಿ ಬರುತ್ತೇನೆ, ನಿನ್ನೆ ಗೀರು ಬಿದ್ದದ್ದಕ್ಕೆ ಮನಸ್ಸಿಗೆ ಕೆಟ್ಟನಿಸಿದೆ ಎಂದು ಸಾವಂತ್ರಿಗೆ ಹೇಳಿ ಹೋಗಿದ್ದ. ನಾನು ಚೀಲ ಹಿಡಿದು ರಸ್ತೆ ದಾಟಿದೆ. ಮಾಸ್ತರರು ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಭರಮು ಗಿರಾಕಿಯ ಕುರ್ಚಿಯಲ್ಲಿ ಕೂತಿದ್ದ, ತಲೆ ಹಿಂದಕ್ಕೆ ಒರಗಿತ್ತು, ಕೈಯಲ್ಲಿ ಸಾಬೂನಿನ ಬ್ರಷ್ಷು. "ಸ್ವಲ್ಪ ಮಲಗ್ಯಾನ ಕಾಶವ್ವ, ಎಬ್ಬಿಸಬ್ಯಾಡ" ಎಂದರು ಮಾಸ್ತರರು, ದನಿ ತಗ್ಗಿಸಿ. "ನಾ ಬಂದಾಗಿಂದ ಮಲಗ್ಯಾನ. ನನಗೇನು ಅವಸರಿಲ್ಲ. ನೋಡು ಎಷ್ಟು ಅರಾಮಾಗಿ, ಒಂದೀಟು ಸಪ್ಪಳಿಲ್ಲ." ಬ್ರಷ್ಷಿನ ಮೇಲಿನ ಸಾಬೂನು ಒಣಗಿ ಗಟ್ಟಿಯಾಗಿತ್ತು. ನಾನು ಅವನ ಕೈ ಮುಟ್ಟಿದೆ, ತಣ್ಣಗಿತ್ತು.

ಹೆಣವನ್ನು ತಂದು ಗಿರಣಿಯ ಅಂಗಳದಲ್ಲಿ ಗೋಡೆಗೆ ಆನಿಸಿ ಕೂರಿಸಿದೆವು. ಓಣಿಯ ಜನ ಬಂದರು. ನೀರು ಹಾಕಲೆಂದು ಅಂಗಿ ಬಿಚ್ಚಿದರು. ಮೊದಲನೆಯ ಬಿಂದಿಗೆ ಸುರಿಯುವಾಗ, ಸುರಿಯುತ್ತಿದ್ದವನು ಕೈ ನಿಲ್ಲಿಸಿದ. ಇಲಿ ಚೀಲ ಕಡಿಯುತ್ತಿತ್ತು.

ಸತ್ತವರ ಮೈ ಸಪ್ಪಳ ಮಾಡಿದ್ದು ನಾವು ಯಾರೂ ಕೇಳಿರಲಿಲ್ಲ. ಬಿಂದಿಗೆ ಕೆಳಗಿಟ್ಟು ಆತ ಹಿಂದೆ ಸರಿದ. ಸಪ್ಪಳ ಏರಿತು. ಅವನು ನನ್ನ ಪಕ್ಕ ಕೂತು "ಇದ್ದಂಗ ಅನಸ್ತೈತಿ" ಎಂದ ದಿನದ ಸಪ್ಪಳ, ರೊಟ್ಟಿ ಮುರಿದು ಬಿಟ್ಟ ದಿನದ್ದು, ಕೈ ಹಿಂದಕ್ಕೆ ಎಳೆದುಕೊಂಡ ದಿನಗಳದ್ದು, ತಿಂಗಳುಗಟ್ಟಲೆ ಒಳಗೆ ಕಟ್ಟಿ ಹಾಕಿದ್ದೆಲ್ಲ ಒಂದರ ಹಿಂದೆ ಒಂದು ಹೊರಗೆ ಬಂತು. ಅಂಗಳ ತುಂಬಿ ಓಣಿಗೆ ಹರಿಯಿತು. ಕೂಸುಗಳು ಅತ್ತವು. ಸಾವಂತ್ರಿ ಹೋಗಿ ಅವನ ಒದ್ದೆ ಬೆನ್ನಿಗೆ ಕಿವಿ ಹಚ್ಚಿ ಅಪ್ಪಿಕೊಂಡು ಕೂತಳು. ಯಾರು ಎಳೆದರೂ ಬಿಡಲಿಲ್ಲ. "ಇಷ್ಟಿತ್ರಿ ಅಕ್ಕಾರ" ಎಂದಳು. "ಇಷ್ಟೆಲ್ಲ ಇತ್ತು."

"ಗಿರಣಿ ಚಾಲೂ ಮಾಡು ಕಾಶವ್ವಾ" ಎಂದು ಯಾರೋ ಅಂದರು. ಇನ್ನಿಬ್ಬರು ಅದನ್ನೇ ಅಂದರು. ಕೇಳಲಾಗುತ್ತಿಲ್ಲ, ಮಕ್ಕಳು ಹೆದರುತ್ತಿದ್ದಾರೆ, ಸತ್ತವನ ಮರ್ಯಾದೆಯಾದರೂ ನೋಡು ಎಂದರು. ನಾನು ಒಳಗೆ ಹೋಗಿ ಮೋಟರಿನ ಪಟ್ಟಾ ಬಿಚ್ಚಿ ತಂದು ಎಲ್ಲರ ಎದುರಿಗೆ ಅಂಗಳದಲ್ಲಿ ಎಸೆದೆ. "ಕೇಳ್ರಿ" ಎಂದೆ. "ಅವ ಇದ್ದಾಗ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಕುಂತು ಕೇಳ್ರಿ." ಕೆಲವರು ಎದ್ದು ಹೋದರು. ಇಟಗಿ ಮಾಸ್ತರರು ಯಾರನ್ನೋ ಕರೆದು ಕಿವಿಯಲ್ಲಿ ಏನೋ ಹೇಳಿ ಪೇಟೆಯ ಕಡೆ ಕಳಿಸಿದರು.

ಬ್ಯಾನಿಯ ಸಪ್ಪಳ ಏರುತ್ತಲೇ ಇತ್ತು. ಗಿರಣಿ ನಡೆದಿದ್ದರೂ ಅದನ್ನು ಮುಚ್ಚಲು ಆಗುತ್ತಿರಲಿಲ್ಲ. ಆಮೇಲೆ, ತುಂಬಿದ ಮಡಿಕೆ ಬಿರಿದ ಹಾಗೆ, ಒಮ್ಮೆ ಒಡೆಯಿತು. ಒಡೆದು ಇಳಿಯತೊಡಗಿತು. ನನಗೆ ಜುಬೇದಾ ಮೇಡಂ ಅಂದದ್ದು ನೆನಪಾಯಿತು. ಏರತೈತಿ, ಒಡೀತೈತಿ, ಇಳೀತೈತಿ. ಅವನ ಬೆನ್ನಿನಲ್ಲಿ ಅದು ಈಗ ಇಳಿಯುತ್ತಿತ್ತು, ಕಾಯಿಲೆ ವಾಸಿಯಾಗುವವನ ಬೆನ್ನಿನಲ್ಲಿ ಇಳಿಯುವ ಹಾಗೆಯೇ.

ಅಷ್ಟರಲ್ಲಿ ಗಪ್ ದವಾಖಾನೆಯ ಗಾಜಿನ ಗಾಡಿ ಬಂದು ನಿಂತಿತು. ಅಲ್ಲಿ ಸತ್ತವರನ್ನು ಗಾಜು ಮುಚ್ಚಿ ನೇರ ಸ್ಮಶಾನಕ್ಕೆ ಒಯ್ಯುವುದು ಯಾಕೆಂದು ನನಗೆ ಆಗ ತಿಳಿಯಿತು. ಚಿಕ್ಕ ವಯಸ್ಸಿನ ಡಾಕ್ಟರು ಇಳಿದರು, ಚಪ್ಪಲಿ ಹೊರಗೆ ಬಿಟ್ಟರು, ನನಗೆ ಕೈಮುಗಿದರು. "ಭಾಳ ಕೆಟ್ಟನಿಸ್ತ್ರಿ ಅಕ್ಕಾರ. ನಮ್ಮ ಕಡೆಯಿಂದ ಏನು ಬೇಕೋ ಮಾಡ್ತೇವಿ" ಎಂದರು. ಕೈಯಲ್ಲಿ ಸೂಜಿಯ ಸಣ್ಣ ಪೆಟ್ಟಿಗೆ ಇತ್ತು. ನಾನು ಅಂಗಳದ ಬಾಗಿಲಿಗೆ ಅಡ್ಡ ಕೂತೆ. "ಮುಗಿಯೂ ತನಕ ಒಳಗ ಬರಬ್ಯಾಡ್ರಿ" ಎಂದೆ. ಅವರು ಸಿಟ್ಟಾಗಲಿಲ್ಲ. ಬಿಸಿಲಿನಲ್ಲಿ ಬರಿಗಾಲಲ್ಲಿ ನಿಂತುಕೊಂಡರು. ಯಾರೋ ಅವರಿಗೆ ಕೊಡೆ ಹಿಡಿದರು. ಎಷ್ಟು ತಾಳ್ಮೆ ನೋಡು ಎಂದು ಹಿಂದೆ ಹೆಂಗಸರು ಪಿಸುಗುಟ್ಟಿದರು.

ಸಪ್ಪಳ ಇಳಿದು ಇಳಿದು, ಮೊದಲ ದಿನದಷ್ಟಾಗಿ, ಸಾವಂತ್ರಿಗೆ ಒಬ್ಬಳಿಗೇ ಕೇಳುವಷ್ಟಾಗಿ, ಕಡೆಗೆ ಅವಳೂ ತಲೆ ಎತ್ತಿದಳು. ಆಗ ಡಾಕ್ಟರು ಒಳಗೆ ಬಂದರು. ಪೆಟ್ಟಿಗೆ ತೆರೆಯಲೂ ಇಲ್ಲ. ಮಂಡಿಯೂರಿ ಭರಮುವಿನ ಬೆನ್ನಿಗೆ ಒಂದು ಗಳಿಗೆ ಕಿವಿ ಕೊಟ್ಟು ಎದ್ದರು.

ಅಂಗಳದಲ್ಲಿ ಎಲ್ಲರೂ ಉಸಿರು ಬಿಟ್ಟರು. "ನೋಡ್ರಿ" ಎಂದರು ಇಟಗಿ ಮಾಸ್ತರರು, ಸುತ್ತಲಿನವರಿಗೆ ಕೇಳುವ ಹಾಗೆ. "ಬಂದ್ರು, ಗಪ್ಪಾತು." ಹೌದು ಹೌದು ಎಂದರು ಜನ. ಡಾಕ್ಟರು ಎರಡೂ ಕೈ ಜೋಡಿಸಿ ಎಲ್ಲರಿಗೂ ನಮಸ್ಕಾರ ಮಾಡಿದರು.